ಅಂಟಿಲ್ಲದ ಹಿಟ್ಟಿನ ಹಿತವಾದ ಊಟ

ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೊರಟವರು ಅಮೀನಗಡದಲ್ಲಿ ಕರದಂಟಿನ ಪೊಟ್ಟಣವೊಂದನ್ನು ಕೊಳ್ಳದೆ ಮುಂದೆ ಸಾಗುವುದು ವಿರಳ. ಕರಿದ ಅಂಟು ಎಂಬುದೇ ಆ ಹೆಸರಿನ ಅರ್ಥ. ಗಿಡದ ತೊಗಟೆಯಿಂದ ಒಸರಿ ಗಟ್ಟಿಯಾದ ಅಂಟನ್ನು ತುಪ್ಪದಲ್ಲಿ ಅರಳಿಸಿ, ಬೆಲ್ಲದ ಪಾಕದಲ್ಲಿ ಒಣಕೊಬ್ಬರಿ, ಗೋಡಂಬಿ, ಉತ್ತತ್ತಿಗಳೊಡನೆ ಕೂಡಿಸಿದರೆ ಆ ಸಿಹಿ ಸಿದ್ಧವಾಗುತ್ತದೆ. ಬಾಣಂತಿಯರಿಗೆ ಬಲ ಬರಲೆಂದು ಕೊಡುವ ಅಂಟಿನ ಉಂಡಿಯೂ ಇದರ ಸಮೀಪದ ಬಂಧುವೇ.

ಆದರೆ ಅಂಟು ಎಂಬ ಹೆಸರಿಗೆ ಅರ್ಹವಾದ ಇನ್ನೊಂದು ಪದಾರ್ಥ ನಮ್ಮ ಅಡುಗೆಮನೆಯಲ್ಲಿದೆ. ಗೋಧಿಹಿಟ್ಟನ್ನು ನಾದಿ, ಆ ಕಣಕವನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ ಕೈಯಲ್ಲಿ ರಬ್ಬರಿನಂತೆ ಎಳೆಯಬಹುದಾದ ಒಂದು ಮುದ್ದೆ ಉಳಿಯುತ್ತದೆ. ಚಪಾತಿ ಹರಿಯದೆ ಹಿಗ್ಗುವುದು, ಹೋಳಿಗೆ ಹೂರಣವನ್ನು ಬಿಡದೆ ಹಿಡಿದುಕೊಳ್ಳುವುದು, ಬೇಕರಿಯ ಬ್ರೆಡ್ಡು ಉಬ್ಬಿ ನಿಲ್ಲುವುದು ಈ ಮುದ್ದೆಯ ಗುಣದಿಂದ. ಅದಕ್ಕೆ ಗ್ಲುಟೆನ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಅಂಟು ಎಂದೇ ಅರ್ಥ. ಕರದಂಟಿನ ಅಂಟು ಗಿಡದ ಗೋಂದು. ಗೋಧಿಯ ಅಂಟು ಒಂದು ಬಗೆಯ ಸಸಾರಜನಕ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗದು ಎಂಬುದು ಗುರುಮಠದ ತರ್ಕಶಾಸ್ತ್ರದ ತರಗತಿಯಲ್ಲಿ ಮೊದಲ ವಾರವೇ ಕಲಿಸುವ ಪಾಠ. ಅದು ಅಡುಗೆಮನೆಯಲ್ಲಿಯೂ ಇಷ್ಟು ಉಪಯೋಗಕ್ಕೆ ಬಂದೀತೆಂದು ನಾನು ಆಗ ಎಣಿಸಿರಲಿಲ್ಲ.

ಓದುಗರೇ, ಈ ಎರಡನೆಯ ಅಂಟು ಕೆಲವರ ದೇಹಕ್ಕೆ ವಿಷಸಮಾನ. ಸೀಲಿಯಾಕ್ ಎಂಬ ರೋಗವುಳ್ಳವರು ಗೋಧಿಯನ್ನಾಗಲಿ, ಬಾರ್ಲಿಯನ್ನಾಗಲಿ, ಪಾಶ್ಚಾತ್ಯರು ಬಳಸುವ ರೈ ಎಂಬ ಧಾನ್ಯವನ್ನಾಗಲಿ ತಿಂದರೆ ಅವರ ದೇಹದ ರಕ್ಷಣಾವ್ಯವಸ್ಥೆಯೇ ಕೆರಳಿ ಸಣ್ಣಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಆಹಾರದ ಸಾರವನ್ನು ಹೀರಿಕೊಳ್ಳಲು ಅಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತಿರುವ ಸೂಕ್ಷ್ಮ ರಚನೆಗಳು ಸವೆದು ಸಪಾಟಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳಲ್ಲಿ ಬೆಳವಣಿಗೆ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿ ಬಿಡದು. ದೊಡ್ಡವರಲ್ಲಿ ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ಏರದ ರಕ್ತಹೀನತೆಯೊಂದೇ ಲಕ್ಷಣವಾಗಿರಬಹುದು. ಇದಕ್ಕೆ ಔಷಧವೆಂಬುದಿಲ್ಲ, ಗ್ಲುಟೆನ್ ಇಲ್ಲದ ಊಟವನ್ನು ಜೀವನಪರ್ಯಂತ ಪಾಲಿಸುವುದೊಂದೇ ಚಿಕಿತ್ಸೆ. ಪಾಲಿಸಿದರೆ ಕರುಳು ಚೇತರಿಸಿಕೊಳ್ಳುತ್ತದೆ.

ಕಾರಣವನ್ನು ಕಂಡುಹಿಡಿಯುವುದು ಎಷ್ಟು ಕಠಿಣವೆಂಬುದಕ್ಕೆ ಈ ರೋಗದ ಇತಿಹಾಸವೇ ಸಾಕ್ಷಿ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇದನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಸರಿಯಾಗಿಯೇ ಊಹಿಸಿದ. ಆದರೆ ಪಥ್ಯದ ಪಟ್ಟಿಯಲ್ಲಿ ನಿರಪರಾಧಿಯಾದ ಅಕ್ಕಿಯನ್ನು ನಿಷೇಧಿಸಿ, ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡಿಗೆ ಅನುಮತಿ ಕೊಟ್ಟ! 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದ. ಮಕ್ಕಳು ಚೇತರಿಸಿಕೊಂಡರು, ಕೀರ್ತಿ ಬಾಳೆಹಣ್ಣಿಗೆ ಸಂದಿತು. ಬಾಳೆಹಣ್ಣು ತಿಂದದ್ದರಿಂದಲ್ಲ, ಬ್ರೆಡ್ಡು ತಿನ್ನದೆ ಇದ್ದದ್ದರಿಂದ ಮಕ್ಕಳು ಬದುಕಿದರೆಂಬುದು ಯಾರಿಗೂ ಹೊಳೆಯಲಿಲ್ಲ. ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟವನು ವಿಲ್ಲೆಮ್ ಡಿಕೆ ಎಂಬ ಡಚ್ ವೈದ್ಯ. ಗೋಧಿಯ ಮೇಲೆ ಅವನಿಗೆ ಮೊದಲೇ ಗುಮಾನಿಯಿತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ಕಾರಣ ಹಾಲೆಂಡಿನಲ್ಲಿ ಘೋರ ಕ್ಷಾಮ ಬಿದ್ದು ಬ್ರೆಡ್ಡು ಕಣ್ಮರೆಯಾದಾಗ, ಊರೆಲ್ಲ ಹಸಿವಿನಿಂದ ನರಳುತ್ತಿದ್ದರೂ ಈ ರೋಗದ ಮಕ್ಕಳು ಸುಧಾರಿಸಿದರು. ಬ್ರೆಡ್ಡು ಮರಳಿದೊಡನೆ ರೋಗವೂ ಮರಳಿತು. 1950ರಲ್ಲಿ ಅವನು ತನ್ನ ಪ್ರಬಂಧವನ್ನು ಮಂಡಿಸಿದ. ನಮ್ಮ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಇರುವ ವಸ್ತುವೇ ಹೊರತು ಇಲ್ಲದ ವಸ್ತುವಲ್ಲ. ಇಲ್ಲದಿರುವಿಕೆಯೂ ಒಂದು ಕಾರಣವಾಗಬಲ್ಲದೆಂದು ಅರಿಯಲು ಒಂದು ಕ್ಷಾಮವೇ ಬರಬೇಕಾಯಿತು.

ನಮ್ಮ ದೇಶದ ಮಾತಿಗೆ ಬರೋಣ. ಇಪ್ಪತ್ಮೂರು ಸಾವಿರಕ್ಕೂ ಮಿಕ್ಕಿದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಉತ್ತರ ಭಾರತದಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಈ ರೋಗದ ಗುರುತು ಕಂಡರೆ, ದಕ್ಷಿಣದಲ್ಲಿ ಸುಮಾರು ಸಾವಿರದಲ್ಲಿ ಒಬ್ಬರಿಗೆ. ದಿನಕ್ಕೆ ಉತ್ತರದವರು ತಿನ್ನುವ ಗೋಧಿ ಸರಾಸರಿ 455 ಗ್ರಾಂ ಆದರೆ ದಕ್ಷಿಣದವರು ತಿನ್ನುವುದು 25 ಗ್ರಾಂ. ನಮ್ಮಲ್ಲಿ ರೋಗ ವಿರಳವೆಂಬುದು ಸಂತೋಷದ ಸಂಗತಿಯೇ. ಆದರೆ ವಿರಳವಾದ ಕಾರಣದಿಂದಲೇ ಅದು ಯಾರ ನೆನಪಿಗೂ ಬಾರದೆ ಹೋಗುವ ಅಪಾಯವೂ ಇದೆ. ನಾನು ಬಲ್ಲ ಒಂದು ಕುಟುಂಬದ ಹೆಣ್ಣುಮಗುವಿಗೆ ಮೂರು ವರ್ಷ ಜಂತಿನ ಔಷಧ, ಶಕ್ತಿಯ ಟಾನಿಕ್ಕು, ದೃಷ್ಟಿ ತೆಗೆಯುವುದು, ಹರಕೆ ಎಲ್ಲವೂ ನಡೆದವು. ಒಂಬತ್ತರ ಮಗು ಆರರ ಮಗುವಿನಂತೆ ಕಾಣುತ್ತಿತ್ತು. ಕೊನೆಗೆ ಒಬ್ಬ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಕರುಳಿನ ತುಣುಕನ್ನು ಪರೀಕ್ಷೆಗೆ ಕಳುಹಿಸಿದಾಗ ಕಾರಣ ತಿಳಿಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ: ಸಂಶಯ ಬಂದ ತಕ್ಷಣ ಮನೆಯಲ್ಲಿಯೇ ಗೋಧಿಯನ್ನು ಬಿಡಿಸಿ, ಆಮೇಲೆ ಪರೀಕ್ಷೆಗೆ ಹೋದರೆ ರೋಗ ಪರೀಕ್ಷೆಯಲ್ಲಿ ಸಿಕ್ಕದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಪಟ್ಟಣಗಳಲ್ಲಿ ಇಂದು ಮೈ ತೆಳುವಾಗಲೆಂದು, ಇಲ್ಲವೇ ಕೇವಲ ಶೋಕಿಗೆಂದು ಗೋಧಿ ಬಿಡುವವರೂ ಇದ್ದಾರೆ. ಅವರಿಗಾಗಿ ಈ ಲೇಖನ ಬರೆಯುತ್ತಿಲ್ಲ. ಗೋಧಿ ಜೀರ್ಣವಾಗುವವರು ಗೋಧಿಯನ್ನು ಕೃತಜ್ಞತೆಯಿಂದ ಉಣ್ಣಲಿ.

ಪಥ್ಯವೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ನಿಷೇಧ. ಇದನ್ನು ತಿನ್ನಬೇಡ, ಅದನ್ನು ಮುಟ್ಟಬೇಡ. ಆದರೆ ಮನುಷ್ಯ ಕೇವಲ ಹೊಟ್ಟೆ ತುಂಬಲು ಉಣ್ಣುವ ಪ್ರಾಣಿಯಲ್ಲ. ಜ್ವರದಿಂದ ಎದ್ದಾಗ, ಊರಿನಿಂದ ದಣಿದು ಬಂದಾಗ, ಮನಸ್ಸು ಕುಗ್ಗಿದಾಗ ಅವನು ಬಯಸುವ ಊಟವೇ ಬೇರೆ. ಅದು ದುಬಾರಿಯಾಗಿರುವುದಿಲ್ಲ, ಹೊಸದಾಗಿಯೂ ಇರುವುದಿಲ್ಲ. ಬಾಲ್ಯದಲ್ಲಿ ಯಾರೋ ಕೈಯಾರೆ ಬಡಿಸಿದ್ದಾಗಿರುತ್ತದೆ. ಅಭ್ಯಾಸವು ಎರಡನೆಯ ಸ್ವಭಾವವೆಂದು ತತ್ತ್ವಜ್ಞಾನಿಗಳು ಹೇಳುವ ಮಾತು ನಾಲಗೆಯ ವಿಷಯದಲ್ಲಿ ಅಕ್ಷರಶಃ ಸತ್ಯ. ಪಂಜಾಬಿನ ಮನುಷ್ಯನಿಗೆ ವೈದ್ಯರು ಗೋಧಿಯನ್ನು ನಿಷೇಧಿಸಿದರೆ ಅವನ ತಾಯಿಯ ಕೈಯ ರೊಟ್ಟಿಯನ್ನೇ ಕಸಿದುಕೊಂಡಂತೆ. ಬಾಗಲಕೋಟೆ ಸೀಮೆಯವನಿಗೆ ಹಾಗಲ್ಲ. ಅವನ ತಾಯಿಯ ಕೈಯ ರೊಟ್ಟಿ ಜೋಳದ್ದು. ಜೋಳದಲ್ಲಿ ಆ ಅಂಟು ಇಲ್ಲವೇ ಇಲ್ಲ.

ಹಾಗಾದರೆ ಅಂಟಿಲ್ಲದ ಹಿಟ್ಟು ರೊಟ್ಟಿಯಾಗಿ ಕೂಡುವುದು ಹೇಗೆ? ನಮ್ಮ ತಾಯಂದಿರು ಈ ಪ್ರಶ್ನೆಗೆ ಯಾವ ವಿಜ್ಞಾನಿಯನ್ನೂ ಕೇಳದೆ ಉತ್ತರ ಕಂಡುಕೊಂಡಿದ್ದಾರೆ. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರನ್ನು ಸುರಿಯುತ್ತಾರೆ. ಬಿಸಿನೀರು ತಾಗಿದ ಪಿಷ್ಟ ಬೆಂದು ಜಿಗುಟಾಗುತ್ತದೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಇಲ್ಲಿ ಎಸರು ಮಾಡುತ್ತದೆ. ಆದರೆ ಆ ಜಿಗುಟಿಗೆ ಹಿಗ್ಗುವ ಗುಣವಿಲ್ಲ. ಆದ್ದರಿಂದ ಎಳೆಯುವಂತಿಲ್ಲ, ಅಂಗೈಯಿಂದ ಬಡಿದು ಬಡಿದು ಅಗಲ ಮಾಡಬೇಕು. ನಾದಿದ ಹಿಟ್ಟನ್ನು ಬಹಳ ಹೊತ್ತು ಇಡುವಂತಿಲ್ಲ, ಆಗಲೇ ಹಂಚಿಗೆ ಹಾಕಬೇಕು. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುವುದು ಸಹ ಸುಮ್ಮನೆ ಅಲ್ಲ. ಒಣಹಿಟ್ಟು ತೊಳೆದು ಹೋಗಿ, ಮೇಲ್ಪದರ ಬಿರಿಯದೆ, ರೊಟ್ಟಿ ಉಬ್ಬುವುದಕ್ಕೆ. ಹಿಟ್ಟು ಹಳೆಯದಾದರೆ ಜಿಗಿ ಹೋಯಿತೆಂದು ಗೊಣಗುವುದನ್ನು ನೀವು ಕೇಳಿದ್ದೀರಿ. ಇಂದು ವಿದೇಶದ ದೊಡ್ಡ ಕಂಪನಿಗಳು ಗ್ಲುಟೆನ್ ಇಲ್ಲದ ಬ್ರೆಡ್ಡನ್ನು ಕೂಡಿಸಲು ಬಗೆಬಗೆಯ ಗೋಂದುಗಳನ್ನು ಬೆರೆಸಿ ಹೆಣಗುತ್ತಿವೆ, ಅದನ್ನು ಚಿನ್ನದ ಬೆಲೆಗೆ ಮಾರುತ್ತಿವೆ. ಇಲ್ಲಿ ಎಸರಿನ ಒಂದು ಪಾತ್ರೆ, ಎರಡು ಅಂಗೈ ಸಾಕು.

ಬಾದಾಮಿಯ ಸಮೀಪದ ಬನಶಂಕರಿಗೆ ಹೋದವರು, ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತಂದು ಬಂದವರಿಗೆ ಉಣಬಡಿಸುವ ತಾಯಂದಿರನ್ನು ಕಂಡಿರಬೇಕು. ಬಿಳಿಜೋಳದ ರೊಟ್ಟಿ, ಮಡಕೆಕಾಳಿನ ಪಲ್ಲೆ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ, ಮಡಿಕೆಯ ಗಟ್ಟಿ ಮೊಸರು. ದೂರದ ಊರಿನ ಸೀಲಿಯಾಕ್ ರೋಗಿಯೊಬ್ಬ ಗುಹಾದೇವಾಲಯಗಳನ್ನು ನೋಡಲು ಬಂದರೆ, ಹೋಟೆಲಿನ ಅರ್ಧಕ್ಕರ್ಧ ತಿನಿಸುಗಳನ್ನು ಅಂಜುತ್ತ ಬದಿಗಿಡುವ ಅವನು ಮರದ ನೆರಳಿನಲ್ಲಿ ಕುಳಿತು ಈ ಊಟವನ್ನು ನಿಶ್ಚಿಂತೆಯಿಂದ ಉಣ್ಣಬಹುದು; ಹಿಟ್ಟು ಎಲ್ಲಿ ಬೀಸಿದ್ದೆಂದು ಒಂದು ಮಾತು ಕೇಳಿಕೊಂಡರೆ ಸಾಕು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಜೋಳದ ನುಚ್ಚಿಗೆ ಮಜ್ಜಿಗೆ, ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಲೆ, ಕಡಲೆಹಿಟ್ಟಿನ ಜುಣಕ, ಅಂಬಲಿ, ಅಕ್ಕಿ ಉದ್ದಿನ ಪಡ್ಡು, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಳೆಗಾಲದ ಸಂಜೆಯ ಚುರುಮುರಿ. ಮನಸ್ಸಿಗೆ ಹಿತವೆಂದು ನಾವು ಬಯಸುವ ತಿನಿಸುಗಳಲ್ಲಿ ಎಷ್ಟು ಪಾಲು ಈ ಪಥ್ಯಕ್ಕೆ ಹೊಂದುತ್ತದೆಂಬುದನ್ನು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳನ್ನು ಬಿಟ್ಟುಕೊಟ್ಟು ನವನಗರದ ಸೆಕ್ಟರುಗಳಿಗೆ ಬಂದ ಜನ ಓಣಿಯನ್ನು, ಕಟ್ಟೆಯನ್ನು, ನೆರೆಹೊರೆಯನ್ನು ಕಳೆದುಕೊಂಡರು. ರೊಟ್ಟಿಯ ಹಂಚನ್ನು ಮಾತ್ರ ಜೊತೆಗೆ ತಂದರು. ಊರು ಬದಲಾದರೂ ಊಟ ಬದಲಾಗದಿದ್ದುದು ಅವರಿಗೆ ಎಂತಹ ಆಸರೆಯಾಯಿತೆಂಬುದನ್ನು ಹಿರಿಯರ ಬಾಯಿಂದಲೇ ಕೇಳಬೇಕು.

ಇಷ್ಟಾದ ಮೇಲೆ ಆ ಹೆಣ್ಣುಮಗುವಿಗೆ ಕಷ್ಟವೆಲ್ಲಿ ಬಂತು ಎಂದು ನೀವು ಕೇಳಬಹುದು. ನಿತ್ಯದ ಊಟದಲ್ಲಿ ಬರಲಿಲ್ಲ. ಕಷ್ಟ ಬಂದದ್ದು ಹಬ್ಬದಲ್ಲಿ, ಮದುವೆಯಲ್ಲಿ, ಬಂಧುಗಳ ಮನೆಯಲ್ಲಿ. ಏಕೆಂದರೆ ನಮ್ಮ ಸೀಮೆಯಲ್ಲಿ ಜೋಳ ದಿನದ ಧಾನ್ಯ, ಗೋಧಿ ಹಬ್ಬದ ಧಾನ್ಯ. ಗೋಧಿ ಹುಗ್ಗಿಯಿಲ್ಲದ ಜಾತ್ರೆಯುಂಟೆ? ಹೋಳಿಗೆ, ಮಾದಲಿ, ಶಾವಿಗೆ ಪಾಯಸ, ರವೆ ಉಂಡಿ, ಶಿರಾ, ಎಲ್ಲದರಲ್ಲಿಯೂ ಗೋಧಿಯೇ. ಪ್ರೀತಿಯನ್ನು ತೋರಿಸಬೇಕೆಂದಾಗಲೆಲ್ಲ ನಾವು ಗೋಧಿಯನ್ನು ಬಡಿಸುತ್ತೇವೆ. ಆ ಮಗುವಿನ ಆಯಿ ಹುಗ್ಗಿಯ ಬಟ್ಟಲು ಹಿಡಿದು, “ಒಂದ ತುತ್ತಿಗೆ ಏನಾಕ್ಕೈತಿ, ತಿನ್ನ ಯವ್ವಾ” ಎಂದಾಗ ಅದರಲ್ಲಿ ಕೇಡಿನ ಲವಲೇಶವೂ ಇರಲಿಲ್ಲ. ಆದರೆ ಆ ಒಂದು ತುತ್ತಿಗೆ ಆಗುವುದು ಬಹಳ. ಗ್ಲುಟೆನ್ ಇಲ್ಲವೆಂದು ಮುದ್ರಿಸಿ ಮಾರುವ ಪದಾರ್ಥದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಿ ಅದು ಇರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಮಿತಿ ಅಷ್ಟು ಬಿಗಿಯಾಗಿರುವಾಗ ಒಂದು ತುತ್ತು ಹುಗ್ಗಿ ಎಂದರೆ ಬೆಟ್ಟದಷ್ಟು. ಬೇಡವೆಂದ ಮಗುವಿನ ತಾಯಿಗೆ ಬಂಧುಗಳಿಂದ ಸಿಕ್ಕಿದ್ದು ಸೊಕ್ಕಿನವಳೆಂಬ ಬಿರುದು. ಮಗು ತಾನೊಂದೇ ಗೋಡೆಗೆ ಒರಗಿ, ತಾಯಿ ಡಬ್ಬಿಯಲ್ಲಿ ತಂದ ರೊಟ್ಟಿಯನ್ನು ಮುರಿಯುತ್ತ ಕುಳಿತುಕೊಳ್ಳುವುದು ರೂಢಿಯಾಯಿತು.

ಈ ದೃಶ್ಯದಲ್ಲಿಯೇ ವಿಷಯದ ತಿರುಳಿದೆಯೆಂದು ನನ್ನ ಅಭಿಪ್ರಾಯ. ಡಬ್ಬಿಯೊಳಗಿನ ರೊಟ್ಟಿ ಅವಳಿಗೆ ಪ್ರಿಯವಾದದ್ದೇ, ನಿರಪಾಯವಾದದ್ದೇ. ಆದರೂ ಆ ಊಟ ಅವಳಿಗೆ ಹಿತವಾಗಿರಲಿಲ್ಲ. ಊಟದ ಹಿತ ಅರ್ಧ ತಟ್ಟೆಯಲ್ಲಿದ್ದರೆ ಇನ್ನರ್ಧ ಪಂಕ್ತಿಯಲ್ಲಿದೆ. ಎಲ್ಲರ ಪಾತ್ರೆಯಿಂದ ಎಲ್ಲರೊಡನೆ ಉಂಡಾಗಲೇ ಅದು ಪೂರ್ಣವಾಗುತ್ತದೆ. ರೋಗಿಗೆ ಬೇರೆ ಅಡುಗೆ ಮಾಡುವುದು ಕರುಣೆ. ಎಲ್ಲರೂ ಉಣ್ಣುವ ಅಡುಗೆಯನ್ನೇ ಅವಳೂ ಉಣ್ಣುವಂತೆ ಮಾಡುವುದು ನ್ಯಾಯ. ಗೋಧಿಯೇ ಮುಖ್ಯವಾದ ನಾಡಿನಲ್ಲಿ ಈ ನ್ಯಾಯ ಕಷ್ಟಸಾಧ್ಯವಾಗಬಹುದು. ಜೋಳದ ಸೀಮೆಯಲ್ಲಿ ಅಷ್ಟು ಕಷ್ಟವಿಲ್ಲ.

ಹಬ್ಬದ ಅಡುಗೆಯನ್ನೇ ತೆಗೆದುಕೊಳ್ಳಿ. ಹುಗ್ಗಿಯನ್ನು ನವಣೆಯಿಂದ ಮಾಡಬಹುದು. ಬೆಲ್ಲ, ಏಲಕ್ಕಿ, ಗಸಗಸೆ, ಮೇಲೆ ತುಪ್ಪ ಹಾಲು, ಯಾವುದೂ ಬದಲಾಗಬೇಕಾಗಿಲ್ಲ. ಇದು ಹೊಸ ಆವಿಷ್ಕಾರವೂ ಅಲ್ಲ. ಗೋಧಿ ಸುಲಭವಾಗಿ ಸಿಕ್ಕದ ಕಾಲದಲ್ಲಿ ನವಣೆ ಹುಗ್ಗಿಯನ್ನು ಉಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹೋಳಿಗೆಯಲ್ಲಿ ಅಪಾಯವಿರುವುದು ಕಣಕದಲ್ಲಿ, ಹೂರಣದಲ್ಲಲ್ಲ. ಕಡಲೆಬೇಳೆ ಬೆಲ್ಲದ ಆ ಹೂರಣವನ್ನು ಅಕ್ಕಿಹಿಟ್ಟಿನ ಕಡುಬಿನಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದರೆ ಹಬ್ಬಕ್ಕೆ ಏನು ಕೊರತೆ? ಹೋಳಿಗೆಯನ್ನೇ ಜೋಳದ ಹಿಟ್ಟಿನಿಂದ ಮಾಡುತ್ತೇನೆಂದು ಹೊರಟವರ ಪ್ರಯತ್ನವನ್ನು ನಾನು ಉಂಡು ನೋಡಿದ್ದೇನೆ. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಒಂದು ಧಾನ್ಯವನ್ನು ಇನ್ನೊಂದರ ವೇಷದಲ್ಲಿ ನಿಲ್ಲಿಸುವುದಕ್ಕಿಂತ ಅದರ ಸ್ವಧರ್ಮಕ್ಕೆ ಒಪ್ಪುವ ತಿನಿಸನ್ನು ಮಾಡುವುದು ಜಾಣತನ. ಕರಾವಳಿಯಿಂದ ಬಂದು ಇಲ್ಲಿ ಸೇವೆ ಸಲ್ಲಿಸುವ ಗುರುಗಳಿಗೂ ಸಹೋದರಿಯರಿಗೂ ಈ ಮಾತು ಸುಲಭವಾಗಿ ಅರ್ಥವಾದೀತು. ಅವರ ಕ್ರಿಸ್ಮಸ್ ಕುಸ್ವಾರಿನಲ್ಲಿ ಮೈದಾದ ನೆವ್ರಿ, ಕಿಡಿಯೊಗಳನ್ನು ಬದಿಗಿಟ್ಟರೂ ಅಕ್ಕಿಯ ಸನ್ನ ಇದ್ದೇ ಇದೆ.

ಇನ್ನು ಅಡಗಿ ಕುಳಿತ ಶತ್ರುಗಳ ಮಾತು. ಮೊದಲನೆಯದು ಗಿರಣಿ. ನಾವು ಜೋಳದ ಡಬ್ಬಿಯನ್ನು ಗಿರಣಿಗೆ ಒಯ್ದಾಗ ನಮ್ಮ ಮುಂದಿನವರು ಗೋಧಿ ಬೀಸಿಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಾಯಿಯ ಬಟ್ಟೆಯಲ್ಲಿ ಉಳಿದ ಗೋಧಿಹಿಟ್ಟು ನಮ್ಮ ಜೋಳದೊಳಗೆ ಬರುತ್ತದೆ. ಉಳಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಸೀಲಿಯಾಕ್ ರೋಗಿಗೆ ಇದೊಂದೇ ಸಾಕು, ಪಥ್ಯವೆಲ್ಲ ವ್ಯರ್ಥವಾಗಲು. ಮಗು ಗೋಧಿ ಮುಟ್ಟುವುದಿಲ್ಲ, ಆದರೂ ಏಕೆ ಗುಣವಾಗಿಲ್ಲವೆಂದು ತಾಯಿ ಕಂಗಾಲಾದಾಗ ಮೊದಲು ನೋಡಬೇಕಾದದ್ದು ಗಿರಣಿಯನ್ನು. ಉತ್ತಮವಾದದ್ದು ಮನೆಯಲ್ಲಿಯೇ ಬೀಸಿಕೊಳ್ಳುವುದು. ಇಂದು ಚಿಕ್ಕ ವಿದ್ಯುತ್ ಗಿರಣಿಗಳು ಸಿಗುತ್ತವೆ, ಅಟ್ಟದ ಮೇಲೆ ಅಜ್ಜಿಯ ಬೀಸುವ ಕಲ್ಲೂ ಇರಬಹುದು. ಅದಾಗದಿದ್ದರೆ ಜೋಳಕ್ಕೆಂದೇ ಬೇರೆ ಕಲ್ಲು ಇಟ್ಟಿರುವ ಗಿರಣಿಯನ್ನು ಹುಡುಕಬೇಕು. ಎರಡನೆಯದು ಇಂಗು. ಅಂಗಡಿಯಲ್ಲಿ ಸಿಗುವ ಇಂಗು ಬಹುತೇಕ ಶುದ್ಧ ಇಂಗಲ್ಲ. ಗೋಂದಿನೊಡನೆ ಮೈದಾ ಇಲ್ಲವೇ ಅಕ್ಕಿಹಿಟ್ಟು ಬೆರೆಸಿದ್ದು. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಕೊಳ್ಳಬೇಕು. ಚಪಾತಿ ಲಟ್ಟಿಸಿದ ಮಣೆ, ಅದೇ ಹಂಚು, ಅದೇ ಒಣಹಿಟ್ಟಿನ ತಟ್ಟೆ ಇವುಗಳ ಬಗೆಗೂ ಎಚ್ಚರ ಬೇಕು. ರೊಟ್ಟಿಯನ್ನು ಖಾನಾವಳಿಯಿಂದಲೋ ರೊಟ್ಟಿ ಮಾಡಿ ಮಾರುವ ಮನೆಗಳಿಂದಲೋ ತರುವವರು ಇದನ್ನು ಕೇಳಿಯೇ ತರಬೇಕು. ತಾಲಿಪಟ್ಟಿಗೆ ಜೋಳದೊಡನೆ ಗೋಧಿಹಿಟ್ಟನ್ನೂ ಬೆರೆಸುವ ಮನೆಗಳು ಬಹಳ.

ಮತ್ತೊಂದು ಭ್ರಮೆ ನಮ್ಮ ಸೀಮೆಯದ್ದೇ. ಸದಕ ಅಥವಾ ಜವೆಗೋಧಿ ಎಂದು ಕರೆಯುವ ಹಳೆಯ ತಳಿಯ ಗೋಧಿ ಮಧುಮೇಹಕ್ಕೆ ಒಳ್ಳೆಯದೆಂಬ ಖ್ಯಾತಿ ಪಡೆದಿದೆ. ಆದ್ದರಿಂದ ಈ ರೋಗಕ್ಕೂ ಆದೀತೆಂದು ನಂಬುವವರಿದ್ದಾರೆ. ಆಗದು. ತಳಿ ಎಷ್ಟೇ ಪುರಾತನವಾದರೂ ಅದು ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ. ನಮ್ಮ ಬೈಬಲಿನ ಭಾಷೆಯಲ್ಲಿ ಜವೆಗೋಧಿ ಎಂದರೆ ಬಾರ್ಲಿ, ಅದೂ ವರ್ಜ್ಯವೇ. ಶಬ್ದದ ಎರಡು ಅರ್ಥಗಳಲ್ಲಿ ಯಾವುದನ್ನು ಹಿಡಿದರೂ ರೋಗಿಗೆ ಪ್ರಯೋಜನವಿಲ್ಲ.

ರೋಗಿಯನ್ನು ನೋಡಲು ಆಸ್ಪತ್ರೆಗೆ ಹೋಗುವವರು ಕೈಯಲ್ಲಿ ಹಿಡಿದುಕೊಂಡು ಹೋಗುವುದನ್ನು ಸ್ವಲ್ಪ ಗಮನಿಸಿ. ಬ್ರೆಡ್ಡು, ಬಿಸ್ಕತ್ತು, ಹಾರ್ಲಿಕ್ಸ್ ಬಾಟಲಿ. ಮೊದಲ ಎರಡು ಗೋಧಿಯವು, ಮೂರನೆಯದು ಗೋಧಿ ಮತ್ತು ಮೊಳಕೆಬಾರ್ಲಿಯದು. ಹಗುರವಾದ ಆಹಾರವೆಂದರೆ ಬ್ರೆಡ್ಡು ಎಂಬ ಕಲ್ಪನೆ ನಮಗೆ ಎಲ್ಲಿಂದ ಬಂತೋ ತಿಳಿಯದು. ಮಜ್ಜಿಗೆ ಬೆರೆಸಿದ ನುಚ್ಚಿಗಿಂತ ಹಗುರವಾದದ್ದು, ಬಿಸಿ ಅನ್ನ ತಿಳಿಸಾರಿಗಿಂತ ಹಿತವಾದದ್ದು ಯಾವುದಿದೆ? ಅದನ್ನು ಡಬ್ಬಿಯಲ್ಲಿ ಒಯ್ಯಲು ನಮಗೆ ಸಂಕೋಚ. ಅಂಗಡಿಯ ಪೊಟ್ಟಣವನ್ನು ಒಯ್ಯಲು ಹೆಮ್ಮೆ.

ಗೋಧಿಯ ಬದಲು ಬೇರೆ ಧಾನ್ಯವನ್ನು ಇಡಲಾಗದ ಒಂದು ಪಂಕ್ತಿ ನಮ್ಮ ಪಾಲಿಗಿದೆ. ಅದು ಬಲಿಪೂಜೆಯ ಪಂಕ್ತಿ. ಪರಮಪ್ರಸಾದಕ್ಕೆ ಬಳಸುವ ರೊಟ್ಟಿ ಕೇವಲ ಗೋಧಿಯದಾಗಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮ ವಿಧಿಸುತ್ತದೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು, ಗೋಧಿಯೇ ಏಕೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಜನಸಾಮಾನ್ಯವಾಗಿ ಬಳಸುವ ರೊಟ್ಟಿ ಅದು, ಅದು ಸಿಗದಾಗ ಮಾತ್ರ ಬೇರೆ ಧಾನ್ಯದ ರೊಟ್ಟಿ ಬಳಕೆಗೆ ಬರುತ್ತದೆಂದು ಒಂದು ಕಾರಣವನ್ನು ಕೊಡುತ್ತಾರೆ. ಕೃಷ್ಣಾ ತೀರದ ಜೋಳದ ಹೊಲಗಳನ್ನು ಆ ಮಹಾನುಭಾವರು ಕಂಡಿದ್ದರೆ ಆ ವಾಕ್ಯವನ್ನು ಹೇಗೆ ಬರೆಯುತ್ತಿದ್ದರೋ ಎಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು. ನಿಯಮದ ಬೇರು ಮಾತ್ರ ಅದಕ್ಕಿಂತ ಆಳದಲ್ಲಿದೆ; ಪ್ರಭುವಿನ ಕೊನೆಯ ಭೋಜನವನ್ನು ನೆನೆದು ಧರ್ಮಸಭೆ ಪರಂಪರೆಯಿಂದ ಕಾಪಾಡಿಕೊಂಡು ಬಂದದ್ದು ಅದು.

ಹಾಗಾದರೆ ಗೋಧಿಯ ಕಣವೂ ಕೂಡದ ಭಕ್ತರ ಗತಿಯೇನು? ಅಂದು ಕಾರ್ಡಿನಲ್ ಆಗಿದ್ದ, ಮುಂದೆ 2005ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರಾದ ಯೋಸೆಫ್ ರಾಟ್ಸಿಂಗರ್ 2003ರ ಜುಲೈ 24ರಂದು ಕಳುಹಿಸಿದ ಸುತ್ತೋಲೆಯಲ್ಲಿ ಇದಕ್ಕೆ ಉತ್ತರವಿದೆ; 2017ರ ಜೂನ್ 15ರ ಇನ್ನೊಂದು ಸುತ್ತೋಲೆ ಅದನ್ನೇ ನೆನಪಿಸಿತು. ಗ್ಲುಟೆನ್ ಪೂರ್ತಿ ಇಲ್ಲದ ಓಸ್ತಿ ಸಲ್ಲದು. ರೊಟ್ಟಿಯಾಗಿ ಕೂಡಲು ಸಾಕಾಗುವಷ್ಟು ಅಲ್ಪ ಗ್ಲುಟೆನ್ ಉಳಿಸಿದ, ಬೇರೆ ಏನನ್ನೂ ಬೆರೆಸದ ಗೋಧಿಯ ಓಸ್ತಿ ಸಲ್ಲುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಕ್ಲೈಡ್ ಎಂಬಲ್ಲಿಯ ಬೆನೆಡಿಕ್ಟೈನ್ ಸನ್ಯಾಸಿನಿಯರು ಬಹುಕಾಲ ಪ್ರಯೋಗ ನಡೆಸಿ ಅಂತಹ ಓಸ್ತಿಯನ್ನು ಸಿದ್ಧಪಡಿಸಿದ್ದಾರೆ. ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದವನ್ನು ಸ್ವೀಕರಿಸಬಹುದು. ಎರಡು ರೂಪಗಳಲ್ಲಿ ಯಾವುದೊಂದರಲ್ಲಿಯೂ ಕ್ರಿಸ್ತರು ಪೂರ್ಣವಾಗಿಯೇ ಇದ್ದಾರೆಂಬುದು ನಮ್ಮ ವಿಶ್ವಾಸ. ಆದ್ದರಿಂದ ಹೀಗೆ ಸ್ವೀಕರಿಸುವವರಿಗೆ ದೊರೆಯುವುದು ಕಡಿಮೆ ಪಾಲಲ್ಲ.

ಇಲ್ಲಿಯೂ ಗಿರಣಿಯ ನ್ಯಾಯವನ್ನು ಮರೆಯಬಾರದು. ಗುರುಗಳು ಓಸ್ತಿಯ ಒಂದು ಚೂರನ್ನು ಮುರಿದು ಪಾನಪಾತ್ರೆಯೊಳಗೆ ಹಾಕುವ ವಿಧಿಯುಂಟು. ಆ ಪಾತ್ರೆಯಿಂದ ರೋಗಿಗೆ ಕೊಡುವಂತಿಲ್ಲ. ಅವರಿಗಾಗಿ ಬೇರೊಂದು ಚಿಕ್ಕ ಪಾತ್ರೆಯಲ್ಲಿ ದ್ರಾಕ್ಷಾರಸವನ್ನು ಬಲಿಪೀಠದ ಮೇಲೆ ಮೊದಲಿನಿಂದಲೇ ಇಡಬೇಕು. ಬೇರೆ ಯಾರೂ ಅದರಿಂದ ಕುಡಿಯಬಾರದು. ಅಲ್ಪ ಗ್ಲುಟೆನ್ನಿನ ಓಸ್ತಿಯಾದರೆ ಮುಚ್ಚಳವಿರುವ ಪ್ರತ್ಯೇಕ ಸಂಪುಟದಲ್ಲಿ ಇಟ್ಟು, ಉಳಿದ ಓಸ್ತಿಗಳನ್ನು ಮುಟ್ಟಿದ ಬೆರಳಿನಿಂದ ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಪೂಜಾಪಾತ್ರೆಗಳನ್ನು ಅಣಿಗೊಳಿಸುವವರಿಗೆ ಇದನ್ನು ಮೊದಲೇ ಹೇಳಿರಬೇಕಾಗುತ್ತದೆ. ಆದ್ದರಿಂದ ಪ್ರಥಮ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುತ್ತಿರುವ ತಂದೆತಾಯಂದಿರಲ್ಲಿ ನನ್ನ ವಿನಂತಿ: ಮಗುವಿಗೆ ಇಂತಹ ಪಥ್ಯವಿದ್ದರೆ ಸಂಕೋಚಪಡದೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಂಗಳು ಮುಂಚಿತವಾಗಿಯೇ ತಿಳಿಸಿ.

ಆ ದಿನದ ಊಟದ ವಿಷಯವನ್ನೂ ಅದೇ ಭೇಟಿಯಲ್ಲಿ ಮಾತನಾಡಿಬಿಡಿ. ಅಡುಗೆಯವರಿಗೆ ಚಪ್ಪರ ಹಾಕುವ ಮೊದಲೇ ಹೇಳಿದರೆ ಅವರಿಗೂ ತೊಂದರೆಯಿಲ್ಲ. ಹುಗ್ಗಿ ನವಣೆಯದಾಗಲಿ, ಇಂಗು ನೋಡಿ ತಂದದ್ದಾಗಲಿ, ರೊಟ್ಟಿಯ ಹಿಟ್ಟು ಬೇರೆ ಕಲ್ಲಿನಲ್ಲಿ ಬೀಸಿದ್ದಾಗಲಿ. ಚಪಾತಿ, ಪೂರಿ ಬೇಕೇ ಬೇಕೆನ್ನುವವರಿಗೆ ಅದನ್ನು ದೂರದ ಇನ್ನೊಂದು ಒಲೆಯ ಮೇಲೆ, ಬೇರೆ ಎಣ್ಣೆಯಲ್ಲಿ, ಬೇರೆ ಕೈಗಳಿಂದ ಮಾಡಿಸಿ, ಕೊನೆಯಲ್ಲಿ ಬಡಿಸಬಹುದು.